ತೇಲದ ಮೊಟ್ಟೆಗಳು

ಗುಳಿಗೆ ಪೊಟ್ಟಣ, ಬೆಂಕಿಪೆಟ್ಟಿಗೆ, ಯಾರದೋ ಮದುವೆಯ ತಾಂಬೂಲದ ಚೀಲ,
ಒಮ್ಮೆ ಮುತ್ತುಗದೆಲೆಯಲ್ಲಿ ಸುತ್ತಿ ಬಾಳೆನಾರು ಬಿಗಿದು,
ಸಖರಾಯಪಟ್ಟಣದ ಪಶು ಆಸ್ಪತ್ರೆಯ ನನ್ನ ಮೇಜಿಗೆ
ಹಿಕ್ಕೆ ಬರುವುದು ಹೀಗೆ.
ನಾನು ಡಬ್ಬಿ ಕೊಟ್ಟು ಕಳಿಸಿದರೆ
ಮುಚ್ಚಳ ಬಿಗಿಯಾಗಿದೆಯೆಂದು ಉಪ್ಪಿನಕಾಯಿ ಹಾಕಿಟ್ಟುಕೊಳ್ಳುತ್ತಾರೆ.

ನೆಲದಿಂದ ಹೆಕ್ಕಬೇಡಿ, ಅನ್ನುತ್ತೇನೆ,
ಮಣ್ಣಿನ ಹುಳ ಸೇರಿಕೊಂಡು ನನಗೆ ಸುಳ್ಳು ಹೇಳುತ್ತವೆ.
ಬಾಲ ಎತ್ತಿ, ಬೆರಳಿಗೆ ಎಣ್ಣೆ ಸವರಿ, ಬಿಸಿಯಿರುವಾಗಲೇ ತನ್ನಿ.
ಗಂಡಸರು ನಗುತ್ತಾರೆ.
ದೇವೀರಮ್ಮ ನಗಲಿಲ್ಲ.

ಐದು ಕುರಿ, ಐದು ಗಂಟು, ಗಂಟಿಗೊಂದು ಬಣ್ಣದ ದಾರ:
ಕೆಂಪು ಅಂದರೆ ಬೋಳಿ, ಹಸಿರು ಕಿವಿಹರುಕಿ,
ಕಪ್ಪು ದಾರದ್ದು ಯಾವುದೆಂದರೆ
"ಅದು ಮನೇದು" ಅಂದಳು, ಅಷ್ಟೇ.

ಅರೆದೆ, ಸೋಸಿದೆ, ಉಪ್ಪುನೀರು ಸುರಿದೆ,
ಇನ್ನು ಕರಗಲಾರೆ ಎಂದು ಉಪ್ಪು ತಳ ಹಿಡಿಯುವ ತನಕ ಕದಡಿದ ನೀರು.
ಹಗುರಾದ ಮೊಟ್ಟೆ ಮೇಲೆದ್ದು ಗಾಜಿಗೆ ಅಂಟಬೇಕು.
ಇಪ್ಪತ್ತು ನಿಮಿಷ.
ಅಷ್ಟರಲ್ಲಿ ಕರೆಂಟು ಹೋಯಿತು. ಕನ್ನಡಿ ತಿರುಗಿಸಿ
ಕಿಟಕಿಯ ಬಿಸಿಲನ್ನು ಲೆನ್ಸಿನೊಳಗೆ ಕರೆದೆ.
ಗುಳ್ಳೆ. ಹುಲ್ಲಿನ ನಾರು. ಯಾವುದೋ ಹೂವಿನ ಪರಾಗ,
ಮುಳ್ಳುಚೆಂಡಿನಂತೆ, ಕೆಲಸಕ್ಕೆ ಬಾರದಷ್ಟು ಚೆಂದ.
ರಿಜಿಸ್ಟರಿನಲ್ಲಿ ಬರೆದೆ: ನೆಗೆಟಿವ್.

"ಏನೂ ಇಲ್ಲ ದೇವೀರಮ್ಮ."
"ಇಲ್ಲ ಅಂದ್ರೆ?"

ಹೊರಗೆ ಬೇವಿನ ಬುಡದಲ್ಲಿ ಕಪ್ಪು ದಾರದ್ದು ನಿಂತಿತ್ತು,
ಹೆಗಲ ಮೇಲೆ ಹೊತ್ತು ತಂದಿದ್ದಳಂತೆ.
ರೆಪ್ಪೆ ಮಗುಚಿದಳು: ತಣಿದ ಹಾಲಿನ ಕೆನೆ, ರಕ್ತದ ಗೆರೆಯಿಲ್ಲ.
ಗದ್ದದ ಕೆಳಗೆ ನೀರಿನ ಚೀಲ. ಒತ್ತಿದ ಬೆರಳಿನ ಗುಳಿ
ಮೆಲ್ಲಗೆ, ಬೇಸರದಿಂದ ತುಂಬಿಕೊಂಡಿತು.
"ನೀನು ತೇಲಿದ್ದು ನೋಡ್ದೆ ಕಣವ್ವ.
ಅಕ್ಕಿ ತೊಳೆಯುವಾಗ ತೇಲೋದು ಜೊಳ್ಳು.
ಕಲ್ಲು ಎಲ್ಲಿರ್ತದೆ?"

ಎರಡನೇ ಸಲ ಉಪ್ಪಿಲ್ಲ. ಬರೀ ನಲ್ಲಿ ನೀರು, ಎತ್ತರದ ಗಾಜಿನ ಲೋಟ.
ಕದಡಿದೆ, ಕಾದೆ, ಮೇಲಿನದು ಚೆಲ್ಲಿದೆ.
ಮತ್ತೆ ನೀರು, ಮತ್ತೆ ಕಾದೆ, ಮತ್ತೆ ಚೆಲ್ಲಿದೆ.
ಏಳು ಸಲ. ಎಣಿಸಿದ್ದು ಆಕೆ.
ಉಳಿದ ಗಸಿಗೆ ನೀಲಿ ಬಣ್ಣದ ಒಂದು ಹನಿ.

ಹುಲ್ಲು ನೀಲಿಯಾಯಿತು, ನಾರು ನೀಲಿಯಾಯಿತು,
ನೀಲಿಗೆ ಜಗ್ಗದೆ ಉಳಿದವು ಇವು:
ಹೊಂಬಣ್ಣದ, ಉದ್ದುದ್ದ, ಒಂದು ತುದಿಗೆ ಮುಚ್ಚಳವಿಟ್ಟ
ಎಲೆಹುಳದ ಮೊಟ್ಟೆಗಳು.
ಸ್ಟೂಲು ಬಿಟ್ಟುಕೊಟ್ಟೆ.
ಆಕೆ ಮೊದಲು ಬೇರೆ ಕಣ್ಣು ಮುಚ್ಚಿದಳು, ಆಮೇಲೆ ಎರಡೂ,
ಆಮೇಲೆ ಉಸಿರು ಹಿಡಿದಳು.
"ಕೊಯ್ಲಿಗೆ ಬಂದ ಭತ್ತ ಇದ್ದಂಗೈತೆ.
ಯಾರು ಬಿತ್ತಿದ್ರು ಇದನ್ನ?"

ಬಸವನಹುಳ, ಅಂದೆ. ನಿಮ್ಮೂರ ಕೆರೆಯಂಚಿನ ಕೆಸರಲ್ಲಿ
ಉಗುರಿನಷ್ಟು ಚಿಪ್ಪಿನೊಳಗೆ ಬೆಳೆದು, ಹುಲ್ಲಿಗೆ ಹತ್ತಿ, ಹೊಟ್ಟೆಗೆ ಇಳಿದು,
ಈಲಿ ಕೊರೆಯುತ್ತೆ. ಔಷಧಿ ಕೊಡಿಸ್ತೀನಿ, ತೂಕ ನೋಡಿ.
ಕೆರೆಯಂಚಿಗೆ ಮಾತ್ರ ಬಿಡಬೇಡ.
"ಈ ಬಿಸಿಲಲ್ಲಿ ಹಸಿರಿರೋದು ಅಲ್ಲೊಂದೇ ಕಡೆ" ಅಂದಳು,
ವಾದಕ್ಕಲ್ಲ, ನನಗೂ ತಿಳಿದಿರಲಿ ಅಂತ.

ನೆಗೆಟಿವ್ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ.
ಹಿಂದಿನ ಪುಟ ತಿರುವಿದ್ದು ಆಕೆ ಹೋದ ಮೇಲೆ.
ಹೋದ ಮಾಗಿ: ನೆಗೆಟಿವ್. ಅದರ ಹಿಂದಿನ ಆಷಾಢ: ನೆಗೆಟಿವ್, ನೆಗೆಟಿವ್,
ನನ್ನದೇ ದುಂಡನೆಯ ಅಕ್ಷರ, ಅಷ್ಟೂ ಉಪ್ಪುನೀರು.
ಫಕ್ರುದ್ದೀನ್ ಸಾಬರ ಎಮ್ಮೆ. ಮೈಲಾರಪ್ಪನ ಹದಿನಾಲ್ಕು ಮೇಕೆ.
ಪಕ್ಕದಲ್ಲಿ ಫೋನ್ ನಂಬರು, ಕೆಲವಕ್ಕೆ ಕೊನೆಯಂಕಿ ಅಳಿಸಿದೆ.

ಮೈಲಾರಪ್ಪ ಎತ್ತಿದ. ಹಿಂದೆ ಟ್ರ್ಯಾಕ್ಟರಿನ ಸದ್ದು.
"ಯಾವ ಮೇಕೆ ಮೇಡಮ್ಮ, ನೀವೇ ಏನಿಲ್ಲ ಅಂದ್ರಲ್ಲ."
ಟ್ರ್ಯಾಕ್ಟರು ನಿಂತಿತು.
"ಎರಡು ಉಳಿದವೆ."

ಉಪ್ಪಿನ ಭರಣಿಗೆ ಮುಚ್ಚಳ ಹಾಕಿದೆ.
ಎತ್ತರದ ಲೋಟವನ್ನು ಟವೆಲಿನಲ್ಲಿ ಸುತ್ತಿ
ಬಸ್ಸಿನ ಚೀಲದಲ್ಲಿ ಇಟ್ಟುಕೊಂಡೆ.