ದಫೇದಾರ ಆಡದ ಎರಡು ಮಾತು

ಬೀಳ್ಕೊಡುಗೆ ಸಭೆಯಲ್ಲಿ ಮೈಕು ಮುಂದಿಟ್ಟು
ಎರಡು ಮಾತಾಡು ಮುನಿಶಾಮಿ ಅಂದರು.
ಮೂವತ್ತೊಂದು ವರ್ಷ ಕೂಗಿದ ಗಂಟಲು,
ಕೋಲಾರದ ಕೋರ್ಟಿನ ಬೇವಿನ ಮರದ
ಕಾಗೆಗಳಿಗೂ ಗುರುತಿರುವ ಗಂಟಲು
ಬರೀ ಕೆಮ್ಮಿತು.

ಹೇಳಬೇಕೆಂದಿದ್ದೆ:

ಹೈಮವತಮ್ಮನವರು ಇಲ್ಲಿಗೆ ಎರಡು ಸಲ ಬಂದರು.
ಮೊದಲ ಸಲ ಕೂದಲು ಕಪ್ಪು, ಸಿಟ್ಟು ಮೂಗಿನ ತುದಿಯಲ್ಲಿ.
ನಾನೂ ಹುಡುಗ.
"ದಿವಾಳಿ ಅರ್ಜಿದಾರ ಇಂಥವರೂ..." ಎಂದು
ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಮೂರು ಸಲ ಕೂಗುತ್ತಿದ್ದೆ.
ತಡೆಯಲಿಲ್ಲ ಅವರು. ಅದೂ ಶಿಕ್ಷೆಯ ಭಾಗವೆಂದುಕೊಂಡಿದ್ದರೇನೋ.

ಗೌರಿಪೇಟೆಯಲ್ಲಿ ಚೀಟಿ ನಡೆಸುತ್ತಿದ್ದವರೊಬ್ಬರು
(ಹೆಸರು ಬೇಡ, ಮಗ ಈಗ ಇಲ್ಲೇ ವಕೀಲ)
ಆಸ್ತಿಪಟ್ಟಿಯಲ್ಲಿ ಬರೆದಿದ್ದರು: ಏನೂ ಇಲ್ಲ.
ಅಮ್ಮಾವ್ರು ಹಾಳೆಯ ಹಿಂಬದಿಯನ್ನೂ ನೋಡಿ ಕೇಳಿದರು,
"ಮನೆಯಲ್ಲಿ ಒಗ್ಗರಣೆ ಸೌಟೂ ಇಲ್ಲವೇನ್ರೀ?"
ಮೂರನೇ ವಾಯಿದೆಗೆ
ಭಾವಮೈದುನನ ಹೆಸರಲ್ಲಿ ನಾಲ್ಕು ಸೈಟು ಹೊರಬಿದ್ದವು.
ಛೇಂಬರಿನಲ್ಲಿ ಕಾಫಿ ಇಟ್ಟಾಗ ಅಂದರು,
ನಿಜವಾಗಿ ಮುಳುಗಿದವನು
ಹಿಡಿ ಕಿತ್ತ ಬಕೆಟ್ಟನ್ನೂ ಬರೆದಿರುತ್ತಾನೆ.

ಹದಿನೇಳು ವರ್ಷದ ಮೇಲೆ ಜಿಲ್ಲಾ ನ್ಯಾಯಾಧೀಶೆಯಾಗಿ
ಮತ್ತೆ ಬಂದಾಗ ಕಾಲುಗಂಟು ನೋವು.
ಅಷ್ಟರಲ್ಲಿ ಕೋಟಿಗಟ್ಟಲೆಯ ದಿವಾಳಿಗಳೆಲ್ಲ
ಬೆಂಗಳೂರಿಗೆ ಹೋಗಿದ್ದವು, ಲಿಫ್ಟಿರುವ ಕಟ್ಟಡಕ್ಕೆ.
ನಮಗುಳಿದವರು ಸಲೂನಿನವರು, ಮೆಸ್ಸಿನವರು,
ಟೊಮೆಟೊ ಕ್ರೇಟು ಬಾಡಿಗೆಗೆ ಬಿಡುತ್ತಿದ್ದವರು.
ಮೊದಲ ದಿನವೇ ಕರೆದು ಹೇಳಿದರು:
"ಹೆಸರಷ್ಟೇ ಕೂಗು. ಮಿಕ್ಕಿದ್ದು ಫೈಲಿನಲ್ಲಿದೆ."

ಮುಳಬಾಗಿಲಿನ ದಸ್ತಗೀರ್ ಸಾಬ್ ಬಂದದ್ದು ಆಗಲೇ.
ನ್ಯೂ ಕೊಹಿನೂರ್ ಬ್ರಾಸ್ ಬ್ಯಾಂಡ್.
ಡಿಜೆ ಬಂದು ಮದುವೆಗಳು ಹೋದವು, ಸಾಲ ನಿಂತಿತು.
ಕಸುಬಿನ ಸಲಕರಣೆ ಕಿತ್ತುಕೊಳ್ಳುವಂತಿಲ್ಲ, ಕಾನೂನಿದೆ.
"ಹತ್ತೊಂಬತ್ತು ವಾದ್ಯ ಸಲಕರಣೆಯೇ ಸ್ವಾಮಿ, ಅಂಗಡಿ!"
ಎಂದರು ಸಾಲ ಕೊಟ್ಟವರ ವಕೀಲರು.
ತನ್ನಿ ನೋಡೋಣ, ಎಂದರು ಅಮ್ಮಾವ್ರು.

ಹಜಾರದ ತುಂಬ ಹರಡಿದೆವು.
ದೊಡ್ಡ ಕಹಳೆಯ ಬಾಯೊಳಗೆ ಗುಬ್ಬಿ ಕಟ್ಟಿದ ಹುಲ್ಲು.
"ಇದರಲ್ಲಿ ನೀವು ನುಡಿಸುವುದು ಯಾವುದು?"
"ಒಂದೂ ಬರಲ್ಲಮ್ಮಾ.
ನಾನು ಮುಂದೆ ಕೋಲು ತಿರುಗಿಸೋನು."

ಎಲ್ಲ ನಕ್ಕರು. ನಾನೂ ನಗಬೇಕೆಂದಿದ್ದೆ,
ಅಮ್ಮಾವ್ರು ನನ್ನತ್ತ ನೋಡಿದರು.
ಪೇಟ, ಕೆಂಪು ಪಟ್ಟಿ, ಹಿತ್ತಾಳೆ ಗುಬುಟಿನ ಕೋಲು:
ಹನ್ನೊಂದು ಜಡ್ಜರ ಮುಂದೆ ನಡೆದವನು,
ತೀರ್ಪಿನ ಒಂದು ಸಾಲೂ ಬರೆಯಲು ಬಾರದವನು.

ಆದೇಶ ಮೂರು ಸಾಲಿನದು.
ವಾದ್ಯಗಳು ಹರಾಜಿಗೆ.
ಕೋಲು, ಜರಿಯ ಟೋಪಿ ಅರ್ಜಿದಾರನ ಕಸುಬು.
ಬಿಟ್ಟುಬಿಡುವುದು.

ಇವನ್ನೆಲ್ಲ ಮೈಕಿನಲ್ಲಿ ಹೇಗೆ ಹೇಳಲಿ?

ಸಭೆ ಮುಗಿದ ಮೇಲೆ ಚಾರ್ಜು ಕೊಡುತ್ತ
ಹಳೆಯ ಕಾಸ್ ಲಿಸ್ಟಿನ ಬೆನ್ನಿಗೆ ಪಟ್ಟಿ ಬರೆದರು.
ಸರ್ಕಾರದ್ದು: ಬೀರು, ಬೀಗದ ಕೈ ಮೂರು, ಗಡಿಯಾರ, ನಿಂತಿದೆ.
ನನ್ನದು: ಟಿಫಿನ್ ಡಬ್ಬಿ, ಕುರ್ಚಿಯ ದಿಂಬು,
ಕಡ್ಡಿ ಮುರಿದ ಛತ್ರಿ.
ಛತ್ರಿಯನ್ನೂ ಬರೆದಿದ್ದರು.

ಕಾರಿನವರೆಗೆ ಎಂದಿನಂತೆ ಮುಂದೆ ಹೊರಟೆ.
"ಇನ್ನು ಪಕ್ಕದಲ್ಲಿ ನಡಿ, ಮುನಿಶಾಮಿ."
ನಿಂತೆ. ಅವರು ಬಂದು ಸೇರಿಕೊಂಡರು.
ಎರಡು ಹೆಜ್ಜೆ ಇಟ್ಟೆ, ಮೂರನೆಯದಕ್ಕೆ
ನನ್ನ ಕಾಲು ಮತ್ತೆ ಮುಂದೆ ಹೋಗಿತ್ತು.