ಶೇಷ

ನವೆಂಬರ್ ತಿಂಗಳ ಕಯಾನಿಯಲ್ಲಿ
ಮಧ್ಯಾಹ್ನ ಮೂರಕ್ಕೇ ಕತ್ತಲೆ.
ಔನೆ ಕಾರ್ಪಿನೆನ್ ಮನೆಗೆ ಮೀನು ಕೊಡಲು ಹೋದೆ.
ಬಾಗಿಲು ತೆಗೆದವಳೇ "ಮೆಲ್ಲಗೆ" ಅಂದಳು
ಒಳಗೆ ಮಗು ಮಲಗಿದ ಹಾಗೆ.

ಇದ್ದದ್ದು ಒಂದು ಹಳೇ ಕಂಪ್ಯೂಟರು,
ಸೌನಾದ ಪಕ್ಕದ ಕೋಣೆಯಲ್ಲಿ, ಗೊರಗೊರ ಉಸಿರಾಡುತ್ತ.
ಅದರ ಬಿಸಿಗಾಳಿಗೆ ಒಡ್ಡಿ
ಉಣ್ಣೆಯ ಕಾಲುಚೀಲ ಒಣಹಾಕಿದ್ದಳು.

ಮೂವತ್ತೊಂದು ವರ್ಷ ಕಾಗದದ ಗಿರಣಿಯಲ್ಲಿ ತೂಕ ನೋಡಿದವಳು,
ಹಾಳೆಯನ್ನು ಬೆರಳ ನಡುವೆ ಉಜ್ಜಿಯೇ ಗ್ರಾಮು ಹೇಳುತ್ತಾಳೆ.
ಈಗ ಕೈಗೆತ್ತಿಕೊಂಡ ಸಂಖ್ಯೆಗೆ
ಎರಡು ಕೋಟಿ ನಲವತ್ತು ಲಕ್ಷ ಅಂಕಿ.
"ಅಚ್ಚು ಹಾಕಿದರೆ ಎಂಟು ಸಾವಿರ ಹಾಳೆ, ನಲವತ್ತು ಕಿಲೋ.
ನನ್ನ ತಮ್ಮ ಎತ್ತಲಾರ."

ಒಂದನ್ನು ದುಪ್ಪಟ್ಟು ಮಾಡು, ಮತ್ತೆ ದುಪ್ಪಟ್ಟು,
ಹತ್ತಿರ ಹತ್ತಿರ ಎಂಟು ಕೋಟಿ ಸಲ,
ಕೊನೆಗೆ ಒಂದು ಕಳೆ.
ಯಂತ್ರದ ಭಾಷೆಯಲ್ಲಿ ಬರೆದರೆ
ಎಂಟು ಕೋಟಿ ಒಂದುಗಳ ಸಾಲು,
ನಡುವೆ ಒಂದೇ ಒಂದು ಸೊನ್ನೆಯಿಲ್ಲ.
"ಯಾವುದರಿಂದಲೂ ಭಾಗವಾಗದೇ ಇದು?"
"ಅದನ್ನೇ ಕೇಳುತ್ತಿದ್ದೇನೆ."

ಮೀನು ಸುತ್ತಿದ ಪತ್ರಿಕೆಯ ಅಂಚು ಹರಿದು
ಪೆನ್ಸಿಲಿನಲ್ಲಿ ಚಿಕ್ಕದೊಂದನ್ನು ಬರೆದಳು: ನೂರಿಪ್ಪತ್ತೇಳು.
ನಾಲ್ಕರಿಂದ ಶುರು. ವರ್ಗ ಮಾಡು, ಎರಡು ಕಳೆ,
ನೂರಿಪ್ಪತ್ತೇಳರಿಂದ ಭಾಗಿಸು,
ಉಳಿದದ್ದನ್ನು ಮಾತ್ರ ಇಟ್ಟುಕೋ. ಮತ್ತೆ ವರ್ಗ.

ನಾಲ್ಕು. ಹದಿನಾಲ್ಕು. ಅರವತ್ತೇಳು.
ನಲವತ್ತೆರಡು.
ನೂರಹನ್ನೊಂದು.
ಆ ಕುಂಟುನಡೆಯಲ್ಲಿ ನನಗೇನೂ ಕಾಣಲಿಲ್ಲ.
ಆಮೇಲೆ ಸೊನ್ನೆ.
ಅದರ ಪಕ್ಕದಲ್ಲೇ ಅಂಟಿತ್ತು ಒಂದು ಮೀನಿನ ಹುರುಪೆ.

"ಅವಿಭಾಜ್ಯ" ಅಂದಳು, ಕಾಫಿ ಬಗ್ಗಿಸಿದಳು.
ನೂರಿಪ್ಪತ್ತೇಳು ಅಂದರೆ ಬರೀ ಏಳು ಒಂದುಗಳಂತೆ;
ಏಳು ಒಂದುಗಳಿಗೆ
ಸಾಕ್ಷಿ ಹೇಳಲು ಬಂದದ್ದು ಸೊನ್ನೆ.

ದೊಡ್ಡದಕ್ಕೆ ಇಪ್ಪತ್ಮೂರು ದಿನ ಹಿಡಿಯಿತು.
ಒಮ್ಮೆ ಕರೆಂಟು ಹೋಯಿತು. ಒಮ್ಮೆ ತಮ್ಮ
ನಿರ್ವಾತಕದ ಪ್ಲಗ್ಗಿಗೆಂದು ಇದರ ಪ್ಲಗ್ಗನ್ನೇ ಕಿತ್ತ;
ಅವನ ಜೊತೆ ಎರಡು ದಿನ ಮಾತಿಲ್ಲ.
ಗುರುವಾರ ಫೋನು: "ಬಾ."

ಪರದೆಯ ಮೇಲೆ ಸೊನ್ನೆಯಿರಲಿಲ್ಲ.
ಅಂಕಿ, ಅಕ್ಷರ ಕಲಸಿದ ಹದಿನಾರು ಗುರುತು.
"ಒಡೆಯುತ್ತದೆ."
"ಎಲ್ಲಿ?"
"ಅದು ಹೇಳುವುದಿಲ್ಲ. ಯಾರಿಗೂ ಗೊತ್ತಿಲ್ಲ."

ಅಷ್ಟು ನನಗೂ ಗೊತ್ತು.
ಸರೋವರ ಹೆಪ್ಪುಗಟ್ಟಿದ ಮೊದಲ ವಾರ
ಕಬ್ಬಿಣದ ಕೋಲಿನಿಂದ ಕುಟ್ಟುತ್ತ ಹೆಜ್ಜೆಯಿಡುತ್ತೇನೆ:
ಬಿರುಕಿದೆಯೆಂದು ಸದ್ದು ಹೇಳುತ್ತದೆ,
ಎಲ್ಲಿಯೆಂದು ಹೇಳುವುದಿಲ್ಲ.
ಸುಮ್ಮನೆ ಹಿಂದಕ್ಕೆ ಬರುತ್ತೇನೆ.

ಅವಳು ಬರಲಿಲ್ಲ.
ಗಿರಣಿಯ ಹಳೇ ಪುಸ್ತಕ ತೆಗೆದು,
ತಿರಸ್ಕೃತ ಸುರುಳಿಗಳ ಲೆಕ್ಕ ಬರೆಯುತ್ತಿದ್ದ ಪುಟದಲ್ಲಿ
ತಾರೀಖು ಹಾಕಿ, ಆ ಹದಿನಾರು ಗುರುತನ್ನೂ
ಒಂದೊಂದಾಗಿ ನಕಲು ಮಾಡಿದಳು, ದುಂಡಗೆ.
ಮುಂದಿನ ಸಂಖ್ಯೆ ಕೊಟ್ಟಳು.
ಯಂತ್ರ ಮತ್ತೆ ನಾಲ್ಕರಿಂದ ಹೊರಟಿತು.

ಕಾಲುಚೀಲ ಒಂದು ಕಡೆ ಇನ್ನೂ ಹಸಿ,
ತಿರುವಿ ಹಾಕಿದಳು.