ಸಾಕಲಾಯಿತು

ಮೊದಲ ಪುಟದ ಅಂಚಿಗೆ ಮೇಡಂ ಕೆಂಪಿನಲ್ಲಿ ಬರೆದರು:
'ಐ' ಬೇಡ. 'ವಿ' ಕೂಡ ಬೇಡ.
ಪ್ರಬಂಧದೊಳಗೆ ಯಾರೂ ಓಡಾಡಬಾರದು.
ಹುಳು ಇರಲಿ, ಸೊಪ್ಪು ಇರಲಿ, ಉಷ್ಣಾಂಶ ಇರಲಿ,
ಕೆಲಸ ತಾನಾಗಿ ನಡೆದುಹೋಗಲಿ.

ಹಾಗಾಗಿ
ಬನ್ನೂರು ದಾಟಿ ಎರಡನೇ ಸ್ಟಾಪಿನಲ್ಲಿಳಿದು
ಮೂರು ಬೆಳೆ ನಾನು ಕೂತು ನೋಡಿದ
ಸಾಕಮ್ಮನ ಹುಳುಮನೆ
ಇಂಗ್ಲಿಷಿನಲ್ಲಿ ಇಷ್ಟಾಯಿತು:
ದಿ ಲಾರ್ವೇ ವರ್ ರಿಯರ್ಡ್.

ನಾಲ್ಕೇ ಪದ.
ರಾತ್ರಿ ಎರಡಕ್ಕೆದ್ದು ಸೊಪ್ಪು ಹಾಕಿದವಳು ಎಲ್ಲಿ ಹೋದಳು?
ತಟ್ಟೆ ಇಳಿಸುವಾಗ ಜಾರುವ ಬಳೆಗಳನ್ನು
ಮೊಣಕೈಗೆ ಏರಿಸಿಕೊಳ್ಳುತ್ತಿದ್ದಳಲ್ಲ, ಅವಳು?
ಐದನೆಯದೂ ಹೆಣ್ಣಾದಾಗ 'ಸಾಕು' ಅಂದವರು ಇಟ್ಟ ಹೆಸರು.
ಶಾಲೆ ಕಾಣದ ಆಕೆ ಅದನ್ನು
'ಸಾಕುವವಳು' ಎಂದು ಓದಿಕೊಂಡಳು.

ಕನ್ನಡದಲ್ಲಿ ಅಷ್ಟು ಸಲೀಸಾಗಿ ಅಳಿಸಲಾಗದು.
ಕ್ರಿಯಾಪದದ ಬಾಲಕ್ಕೇ ಆಳು ಅಂಟಿಕೊಂಡಿರುತ್ತದೆ.
ಒಂದು 'ಳು' ಸಾಕು,
ಹೆಂಗಸೊಬ್ಬಳು ಎದ್ದು ನಿಲ್ಲಲು.

ಹಾಸ್ಟೆಲಿನಲ್ಲಿ ಫರ್ಹಾನಾ ನನ್ನ ಸಾಲುಗಳನ್ನು ಜರಡಿ ಹಿಡಿದಳು.
"'ದಿ' ಎಲ್ಲೇ? ಇಲ್ಲೊಂದು 'ಎ' ಬೇಕು. ಇಲ್ಲೇನೂ ಬೇಡ."
ಯಾಕೆ ಬೇಡ?
"ಗೊತ್ತಿಲ್ಲ ಕಣೇ, ಕಿವಿಗೆ ಬೇಡ ಅನ್ಸತ್ತೆ."
ಜ್ವರಕ್ಕೆ ಕೂತ ಹುಳುಗಳ ಮೇಲೆ ಸಾಕಮ್ಮ
ತೆಳುಬಟ್ಟೆಯಲ್ಲಿ ಸುಣ್ಣ ಉದುರಿಸುವಂತೆ
ಹಾಳೆಯ ತುಂಬ 'ದಿ' ಉದುರಿಸಿದೆ.
ಹೆಚ್ಚಾದದ್ದನ್ನು ಬೆಳಿಗ್ಗೆ ಊದಿ ತೆಗೆದೆ.

ಮಾತಿನ ಅಭ್ಯಾಸಕ್ಕೆ ಕುಕ್ಕರಹಳ್ಳಿ ಕೆರೆ ಏರಿ.
ಸಂಜೆ ಐದೂವರೆಗೆ, ವಾಕಿಂಗ್ ಬೂಟುಗಳ ನಡುವೆ
ಹೆಜ್ಜಾರ್ಲೆಗಳಿಗೆ 'ಗುಡ್ ಮಾರ್ನಿಂಗ್' ಹೇಳಿ ಶುರುಮಾಡುತ್ತಿದ್ದೆ,
ಸೆಮಿನಾರ್ ಇದ್ದದ್ದು ಬೆಳಗಿನ ಹನ್ನೊಂದಕ್ಕೆ.
'ಹೈಪಾತಿಸಿಸ್' ಬಂದಾಗಲೆಲ್ಲ ನಾಲಿಗೆ
ಅದೇ ಕಲ್ಲಿಗೆ ಎಡವುತ್ತಿತ್ತು.
ಒಂದು ಹಕ್ಕಿ ಬಾಯಗಲಿಸಿ, ಚೀಲ ತೋರಿಸಿ, ಮುಚ್ಚಿಕೊಂಡಿತು.
ಅಷ್ಟು ಜಾಗವಿದ್ದೂ ಅದು ಏನೂ ಹೇಳಲಿಲ್ಲ.

ಆ ದಿನ, ಏಳನೇ ಸ್ಲೈಡು.
'ಮೋಲ್ಟಿಂಗ್'. ನೂರು ಸಲ ಬರೆದ ಪದ.
ಬರಲಿಲ್ಲ.
ಬಂದದ್ದು ಸಾಕಮ್ಮನ ಪದದ ಇಂಗ್ಲಿಷು:
ಆನ್ ದಿ ಫೋರ್ತ್ ಡೇ, ಸರ್, ದೇ ಗೆಟ್ ಫೀವರ್.
ಹಿಂದಿನ ಸಾಲು ನಕ್ಕಿತು.
ನಾನು ತಲೆಯೆತ್ತಿ, ಅಲುಗದೆ, ನೀರೂ ಕುಡಿಯದೆ ನಿಂತೆ.
ಇದನ್ನು ಯಾವುದಕ್ಕಾದರೂ ಹೋಲಿಸಿದರೆ
ಮೇಡಂ ಕೇಳುತ್ತಾರೆ, ಪುರಾವೆ ಎಲ್ಲಿ?

ಧಾರವಾಡದಿಂದ ಬಂದಿದ್ದ ಹಿರಿಯರು ಮಾತ್ರ ನಗದೆ
"ವೈ ಫೀವರ್?" ಎಂದರು.
ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.
ಗೊತ್ತಿಲ್ಲದವರಿಗೆ ಹೇಳುವುದು ಇಷ್ಟು ಸುಲಭವೆಂದು
ನನಗೂ ಗೊತ್ತಿರಲಿಲ್ಲ.
ಬಿಕಾಸ್, ಸರ್, ದೇ ಸ್ಟಾಪ್ ಈಟಿಂಗ್. ದೇ ಲಿಫ್ಟ್ ದಿ ಹೆಡ್.
ಸಾಕಮ್ಮ ಸೇಸ್, ಡೋಂಟ್ ಟಚ್, ಡೋಂಟ್ ಶೌಟ್,
ದೇ ವಿಲ್ ಕಮ್ ಔಟ್.
"ಹೂ ಈಸ್ ಸಾಕಮ್ಮ?"

ಮೂವತ್ತೆರಡು ಸ್ಲೈಡುಗಳಿದ್ದವು.
ಒಂದರಲ್ಲೂ ಇರಲಿಲ್ಲ.

ಮುಂದಿನ ವಾರ ಆ ಸಾಲನ್ನು ಓದಿ, ಅರ್ಥ ಬಿಡಿಸಿ ಹೇಳಿದೆ.
ಆಕೆ ಚಂದ್ರಂಕಿಯಿಂದ ಗೂಡು ಬಿಡಿಸುತ್ತಲೇ ಕೇಳಿದಳು:
"ಯಾರ್ ಸಾಕುದ್ರು ಅಂತ ಐತಾ?"
ಇಲ್ಲ. ಸಾಕಲಾಯಿತು, ಅಷ್ಟೆ.
"ಅಂಗಾರೆ ತಂತಾವೇ ಸಾಕ್ಕಂಡ್ವೇನೋ, ಬುಡು."
ನಕ್ಕು, ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ
ಒಳಗಿರುವುದು ಸದ್ದು ಮಾಡುತ್ತದೋ ಎಂದು ಕೇಳಿಸಿಕೊಂಡಳು.

ಈಗ ಮೂರನೇ ಕರಡು.
'ರಿಯರ್ಡ್' ಆದಮೇಲೆ ಒಂದು ಪುಟ್ಟ 'ಬೈ',
ಅದರ ಪಕ್ಕ ಹೆಸರು, ಊರು.
ಮೇಡಂ ಪೆನ್ನು ಅಲ್ಲಿಗೆ ಬಂದು ನಿಂತಿತು.
ಕೆಂಪು ಚುಕ್ಕೆಯೊಂದು ಮೂಡಿ, ನಿಧಾನ ಅಗಲವಾಯಿತು.
ಆಮೇಲೆ ಏನೂ ಬರೆಯದೆ
ಕೆಳಗಿನ ಸಾಲಿಗಿಳಿದು
'ದಿ' ಎಲ್ಲಿ ಎಂದು ಕೇಳಿತು.